ಇಚ್ಛಾಪರಿಮಾಣವೂ ತಿರುಗುವ ತಟ್ಟೆಯೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಉಂಟೆಂದು ತಿಳಿಸಿದ್ದಾರೆ. ಎರಡು ಹೆಸರುಗಳೂ ಒಂದೇ ವ್ರತವನ್ನು ಸೂಚಿಸುತ್ತವೆಯಾದರೂ ಅವು ಅಳೆಯುವ ಪದಾರ್ಥ ಬೇರೆ. ಮೊದಲನೆಯದು ಮನೆಯಲ್ಲಿರುವ ವಸ್ತುವನ್ನು ಅಳೆಯುತ್ತದೆ. ಎರಡನೆಯದು ಮನೆಗೆ ಇನ್ನೂ ಬಾರದ ವಸ್ತುವಿನ ಕಡೆಗೆ ಚಾಚಿಕೊಂಡ ಮನಸ್ಸನ್ನು ಅಳೆಯುತ್ತದೆ. ಹೊಲವನ್ನು ಎಕರೆಯಲ್ಲಿ, ಬಂಗಾರವನ್ನು ತೊಲೆಯಲ್ಲಿ, ಧಾನ್ಯವನ್ನು ಚೀಲದಲ್ಲಿ ಲೆಕ್ಕ ಹಾಕಿ, ಇಷ್ಟಕ್ಕಿಂತ ಹೆಚ್ಚು ಬೇಡವೆಂದು ಗುರುಸಾಕ್ಷಿಯಾಗಿ ನಿಯಮ ಹಿಡಿಯುವುದು ಕಠಿಣವಾದರೂ ಅಸ್ಪಷ್ಟವಲ್ಲ. ಆದರೆ ಒಂದು ಧ್ವನಿ ಇನ್ನಷ್ಟು ನಿರ್ಮಲವಾಗಿ ಕೇಳಬೇಕೆಂಬ ಬಯಕೆಗೆ ಯಾವ ಕೊಳಗ, ಯಾವ ತಕ್ಕಡಿ?

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಕಾಲಗರ್ಭಕ್ಕೆ ಸೇರಿದವೆಂದೇ ತಿಳಿದಿದ್ದ ಗಾನದ ತಟ್ಟೆಗಳು ಮರಳಿ ಪಡಸಾಲೆಗೆ ಬಂದಿವೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 3.3 ಕೋಟಿಯಷ್ಟು ಮಾರಾಟವಾದ ಸಿ.ಡಿ.ಗಳನ್ನು ಹಿಂದಿಕ್ಕಿದವು, 1987ರ ನಂತರ ಹಾಗಾದದ್ದು ಅದೇ ಮೊದಲು. ಕನ್ನಡ ನಾಡಿನಲ್ಲಿಯೂ ಅಜ್ಜನ ಕಾಲದ ಪೆಟ್ಟಿಗೆ ತೆರೆದು, ಧೂಳು ಒರೆಸಿ, ಮನ್ಸೂರರನ್ನೋ ಗಂಗೂಬಾಯಿಯವರನ್ನೋ ಮತ್ತೆ ಕೇಳುವ ಮನೆಗಳುಂಟು. ತಟ್ಟೆಯನ್ನು ತಿರುಗಿಸುವ ಯಂತ್ರಕ್ಕೆ, ಅಂದರೆ ಟರ್ನ್‌ಟೇಬಲ್ಲಿಗೆ, ಕೆಲವು ಸಾವಿರ ರೂಪಾಯಿಯಿಂದ ಹಿಡಿದು ಹಲವಾರು ಲಕ್ಷದವರೆಗೆ ಬೆಲೆಯಿದೆ. ಇರುವ ಯಂತ್ರವನ್ನು ಬಿಟ್ಟು ಅದಕ್ಕಿಂತ ಮೇಲಿನದನ್ನು ಕೊಳ್ಳುವಾಗ ಒಬ್ಬ ವ್ರತಧಾರಿ ಗೃಹಸ್ಥನು ತನ್ನನ್ನು ತಾನು ಏನು ಕೇಳಿಕೊಳ್ಳಬೇಕು ಎಂಬುದು ಇಲ್ಲಿಯ ವಿಚಾರ.

ಈ ವಿಚಾರವನ್ನು ಗದಗ ಸೀಮೆಯಲ್ಲಿಟ್ಟು ನೋಡುವುದು ಉಚಿತ. ಕಾರಣ, ಆ ನೆಲದಲ್ಲಿ ಸಂಗೀತವೂ ಜಿನಧರ್ಮವೂ ಎರಡೂ ಹಳೆಯವು. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ಪಂಪನು ತನ್ನ ಕನ್ನಡದ ತಿರುಳೆಂದು ಕೊಂಡಾಡಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಶಂಖ ಬಸದಿ ಇಂದಿಗೂ ನಿಂತಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ, ಇಬ್ಬರೂ ಸ್ವತಃ ಅಂಧರಾಗಿದ್ದು, ಎಷ್ಟೋ ಅಂಧ ಮಕ್ಕಳಿಗೆ ಕಿವಿಯನ್ನೇ ಕಣ್ಣು ಮಾಡಿಕೊಟ್ಟರು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲಿಯೇ. ಬಾಲಕ ಭೀಮಸೇನನು ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿದ್ದೂ, ಆ ಧ್ವನಿಯ ಗುಂಗಿನಲ್ಲಿ ಗುರುವನ್ನರಸಿ 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟದ್ದೂ, ಕೊನೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಬಳಿ ನೆಲೆ ನಿಂತದ್ದೂ ಸಂಗೀತಪ್ರಿಯರಿಗೆಲ್ಲ ತಿಳಿದ ಸಂಗತಿ.

ಆ ತಟ್ಟೆಯ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ; ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸಿನ ಗಾನ. ಚಾವಿ ಕೊಟ್ಟು ತಿರುಗಿಸಿ, ಉಕ್ಕಿನ ಸೂಜಿಯಿಂದ ನುಡಿಸುವುದು ಆ ಕಾಲದ ವಾಡಿಕೆ; ಸೂಜಿ ಒಂದೆರಡು ಸಲಕ್ಕೇ ಸವೆಯುತ್ತಿದ್ದುದರಿಂದ ಮಗ್ಗುಲಿಗೊಂದರಂತೆ ಬದಲಿಸಬೇಕಾಗುತ್ತಿತ್ತು. ಗಾನದ ಜೊತೆಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಸದಾ ಇದ್ದೇ ಇರುತ್ತಿತ್ತು. ಇಂದಿನ ಯಾವ ಧ್ವನಿರಸಿಕನೂ ಆ ಯಂತ್ರವನ್ನು ತನ್ನ ಕೋಣೆಗೆ ಸೇರಿಸಲಾರ. ಆದರೂ ಒಂದು ಜನ್ಮದ ದಿಕ್ಕನ್ನೇ ತಿರುಗಿಸಲು ಆ ಮೂರು ನಿಮಿಷ ಸಾಕಾಯಿತು. ಯಂತ್ರ ಆ ಹುಡುಗನದಲ್ಲ, ತಟ್ಟೆಯೂ ಅವನದಲ್ಲ. ಕೇಳುವಿಕೆಯೊಂದು ಮಾತ್ರ ಅವನದು.

ಇದರಿಂದ ಒಳ್ಳೆಯ ಯಂತ್ರ ವ್ಯರ್ಥವೆಂದು ಸಾಧಿಸಹೊರಟರೆ ಅದು ಅವಸರದ ತೀರ್ಮಾನವಾದೀತು. ಧರ್ಮವಿಚಾರದಲ್ಲಿ ಇಂಥ ಅವಸರ ಅಪರೂಪವೇನಲ್ಲ. ಸುಖದ ವಸ್ತು ಕಂಡೊಡನೆ ಅದನ್ನು ಹಳಿದುಬಿಟ್ಟರೆ ವಿಚಾರ ಮುಗಿಯಿತೆಂದು ಭಾವಿಸುವವರಿದ್ದಾರೆ. ಪ್ರಶ್ನೆ ಅಷ್ಟು ಸರಳವಲ್ಲವೆಂಬುದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು.

ಗದಗ ಸಮೀಪದ ಹಿರೇಹಂದಿಗೋಳದಂಥ ಊರಿನಲ್ಲಿ ಕೂಡಿ ಬಾಳುವ ಇಬ್ಬರು ಅಣ್ಣತಮ್ಮಂದಿರಿದ್ದಾರೆಂದು ಇಟ್ಟುಕೊಳ್ಳೋಣ. ಎರೆಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹೆಸರು ಬೆಳೆಯುವ ಮನೆತನ. ತಂದೆ ತೀರಿಹೋಗುವಾಗ ಹೊಲಮನೆಯ ಜೊತೆಗೆ ನೂರಿನ್ನೂರು ತಟ್ಟೆಗಳ ಒಂದು ಪೆಟ್ಟಿಗೆಯನ್ನೂ ಬಿಟ್ಟು ಹೋಗಿದ್ದಾರೆ. ಹೆಚ್ಚಿನವು 1960–70ರ ದಶಕಗಳ ಎಲ್.ಪಿ.ಗಳು, ತಳದಲ್ಲಿ ಒಂದಷ್ಟು 78ರ ಹಳೆಯ ತಟ್ಟೆಗಳು. ಹಿರಿಯನು ಪರಿಗ್ರಹಪರಿಮಾಣ ವ್ರತ ಸ್ವೀಕರಿಸಿದವನು. ಹೊಲಕ್ಕಿಷ್ಟು, ಬಂಗಾರಕ್ಕಿಷ್ಟು, ಗೃಹೋಪಕರಣಗಳಿಗೆ ಒಟ್ಟು ಇಷ್ಟು ಎಂದು ಬರೆದಿಟ್ಟವನು. ಒಂದು ವರ್ಷ ಉಳ್ಳಾಗಡ್ಡಿಗೆ ಒಳ್ಳೆಯ ದರ ಬಂತು. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಆರು ಲಕ್ಷದ ಟರ್ನ್‌ಟೇಬಲ್ಲಿನ ಮೇಲೆ ತನಗೆ ಪರಿಚಿತವಾದದ್ದೇ ಒಂದು ತಟ್ಟೆಯನ್ನು ಕೇಳಿದ. ತಂಬೂರಿಯ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳಿಸಿದವು. ಊರಿಗೆ ಬಂದು ವ್ರತದ ಲೆಕ್ಕ ತೆಗೆದು ನೋಡಿದರೆ, ಆರು ಲಕ್ಷ ಸೇರಿಸಿದರೂ ಮಿತಿ ಮೀರುವುದಿಲ್ಲ. ಅಕ್ಷರದ ಮಟ್ಟಿಗೆ ಅತಿಚಾರವಿಲ್ಲ. ಆಗ ತಮ್ಮನು ಕೇಳುವ ಮಾತು ಇಷ್ಟೇ: "ಅಣ್ಣಾ, ಇದನ್ನ ತಂದ ಮ್ಯಾಲೆ ಮನಸ್ಸು ಮುಂದಿಂದರ ಕಡೆ ಹೋಗೂದಿಲ್ಲಂತ ಹೇಳ್ತಿಯೇನು?" ಅಣ್ಣನ ಉತ್ತರವೂ ಅಷ್ಟೇ ಪ್ರಾಮಾಣಿಕ: "ಹೋಗೂದಿಲ್ಲಂತ ಹ್ಯಾಂಗ ಹೇಳ್ಲಿ? ಆದರ ಅಪ್ಪನ ಪ್ಲೇಟು ಹಾಳಾಗೂದನ್ನ ನೋಡ್ಕೋತ ಕೂಡ್ಲೇನು?"

ಈ ಎರಡು ಮಾತುಗಳಲ್ಲಿ ಒಂದನ್ನೂ ತಳ್ಳಿಹಾಕುವಂತಿಲ್ಲ. ಮೊದಲು ಅಣ್ಣನ ಮಾತನ್ನು ಪರೀಕ್ಷಿಸುವುದು ನ್ಯಾಯ.

ತಟ್ಟೆ ಹಾಳಾಗುತ್ತದೆಂಬುದು ನೆಪವಲ್ಲ, ಸತ್ಯ. ಅಗ್ಗದ ಯಂತ್ರಗಳಲ್ಲಿರುವ ಸಿರಾಮಿಕ್ ಕಾರ್ಟ್ರಿಜ್ ಐದಾರು ಗ್ರಾಂ ಭಾರದಿಂದ ತಟ್ಟೆಯ ಗೀರನ್ನು ಒತ್ತುತ್ತದೆ. ಒಳ್ಳೆಯ ಕಾಂತೀಯ ಕಾರ್ಟ್ರಿಜ್ಜಿಗೆ ಎರಡು ಗ್ರಾಂ ಆಸುಪಾಸು ಸಾಕು. ಮುಳ್ಳು ಸವೆದಿದ್ದರಂತೂ ಅದು ಗಾನವನ್ನು ಓದುವುದಿಲ್ಲ, ಕೆತ್ತುತ್ತದೆ. ಒಮ್ಮೆ ಕೆತ್ತಿಹೋದ ಸ್ವರ ಮರಳಿ ಬರುವುದಿಲ್ಲ. ಓಲೆಗರಿಯ ಕಟ್ಟನ್ನು ಗೆದ್ದಲಿಗೆ ಬಿಡುವುದು ಹೇಗೆ ಪ್ರಮಾದವೋ ಇದೂ ಹಾಗೆಯೇ. ಆದುದರಿಂದ ಉಪಕರಣವನ್ನು ಉತ್ತಮಗೊಳಿಸುವುದರಲ್ಲಿ ಒಂದು ಪಾಲು ಭೋಗವಲ್ಲ, ರಕ್ಷಣೆ; ಅದನ್ನು ಬಿಡುವುದು ಅಪರಿಗ್ರಹವಾಗದೆ ಅಲಕ್ಷ್ಯವಾದೀತು.

ಆದರೆ ಆ ಪಾಲು ಎಷ್ಟು? ತಟ್ಟೆಯ ಹಿತವೇ ಉದ್ದೇಶವಾದರೆ ಬೇಕಾದವುಗಳನ್ನು ಬೆರಳ ಮೇಲೆ ಎಣಿಸಬಹುದು. ಹೊಸ ವಜ್ರದ ಮುಳ್ಳು ಬೇಕು. ಅದನ್ನು ಹಿಡಿದಿರುವ ತೋಳು ಸಡಿಲವಿಲ್ಲದೆ ಹಗುರವಾಗಿ ಚಲಿಸಬೇಕು. ಮುಳ್ಳಿನ ಕೋನವನ್ನೂ ಭಾರವನ್ನೂ ಬಲ್ಲವರಿಂದ ಸರಿಪಡಿಸಿಕೊಳ್ಳಬೇಕು. ಎರೆಸೀಮೆಯಲ್ಲಿ ಬೇಸಿಗೆಯ ಗಾಳಿಯೊಂದಿಗೆ ಬರುವ ನುಣ್ಣನೆಯ ಧೂಳು ತಟ್ಟೆಗೆ ಮುಖ್ಯ ವೈರಿ, ಅದಕ್ಕೆ ಮುಚ್ಚಳವೂ ಮೆತ್ತನೆಯ ಬ್ರಶ್ಶೂ ಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಬೇಕು. 78ರ ತಟ್ಟೆಗಳ ಗೀರು ಅಗಲವಾದ್ದರಿಂದ ಅವಕ್ಕೆ ಸುಮಾರು 75 ಮೈಕ್ರಾನ್ ತುದಿಯ ಬೇರೆ ಮುಳ್ಳೇ ಬೇಕು, ಎಲ್.ಪಿ.ಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನಿನದು, ಅದು 78ರ ಗೀರಿನ ತಳಕ್ಕಿಳಿದು ಕಸವನ್ನೇ ನುಡಿಸುತ್ತದೆ. ಇವೆಲ್ಲವನ್ನೂ ಒಟ್ಟು ಸೇರಿಸಿದರೂ ಆರು ಲಕ್ಷದ ಹತ್ತಿರಕ್ಕೆ ಬರುವುದಿಲ್ಲ. ಅದರ ಸಣ್ಣ ಅಂಶದಲ್ಲಿ ಮುಗಿಯುತ್ತದೆ. ಇನ್ನೂ ವಿಚಿತ್ರವೆಂದರೆ, ಬಹು ದುಬಾರಿಯಾದ ಯಂತ್ರಗಳಲ್ಲಿ ಅನೇಕವು 33⅓ ಮತ್ತು 45 ಎಂಬ ಎರಡೇ ವೇಗಗಳಲ್ಲಿ ತಿರುಗುತ್ತವೆ. ತಂದೆಯ ಪೆಟ್ಟಿಗೆಯ ತಳದಲ್ಲಿರುವ 78ರ ತಟ್ಟೆಗಳನ್ನು ಅವು ನುಡಿಸಲಾರವು. ತಂದೆಯ ತಟ್ಟೆಗಳಿಗಾಗಿಯೇ ಯಂತ್ರ ಬೇಕೆನ್ನುವವನು ಈ ಒಂದು ಸಂಗತಿಯನ್ನು ಅಂಗಡಿಯಲ್ಲಿ ವಿಚಾರಿಸಿದ್ದನೇ ಇಲ್ಲವೇ ಎಂಬುದರಿಂದಲೇ ಅವನ ಉದ್ದೇಶದ ಅರ್ಧ ತಿಳಿದುಬಿಡುತ್ತದೆ.

ರಕ್ಷಣೆಯ ಪಾಲು ಮುಗಿದ ಮೇಲೆ ಉಳಿಯುವುದು ಕಿವಿಯ ಪಾಲು. ಅದೂ ಸುಳ್ಳಲ್ಲ. ಮೋಟಾರಿನ ನಡುಕ ತಟ್ಟೆಗೆ ತಾಗದಂತೆ ರಬ್ಬರ್ ಪಟ್ಟಿಯಿಂದ ತಿರುಗಿಸುವುದು, ಭಾರವಾದ ತಟ್ಟೆಪೀಠದಿಂದ ವೇಗವನ್ನು ಸ್ಥಿರಗೊಳಿಸುವುದು, ನಡುವಿನ ಬೇರಿಂಗನ್ನು ಅತಿ ನಯವಾಗಿ ಕಡೆಯುವುದು, ಇವುಗಳಿಂದ ಹಾಡುಗಾರನ ಉಸಿರೂ ಮೀಂಡಿನ ಜಾರುವಿಕೆಯೂ ಸ್ಪಷ್ಟವಾಗುತ್ತವೆ. ಸ್ಕಾಟ್ಲೆಂಡಿನ ಲಿನ್ ಸಂಸ್ಥೆ 1970ರ ದಶಕದಲ್ಲಿ ತನ್ನ ಎಲ್.ಪಿ. 12 ಎಂಬ ಯಂತ್ರದೊಡನೆ ಒಂದು ವಾದವನ್ನೂ ಪೇಟೆಗೆ ತಂದಿತು. ತಟ್ಟೆಯಿಂದ ಎತ್ತುವಾಗಲೇ ಕಳೆದುಹೋದದ್ದನ್ನು ಮುಂದಿನ ಆಂಪ್ಲಿಫಯರೂ ಸ್ಪೀಕರೂ ಎಷ್ಟೇ ಶ್ರೇಷ್ಠವಾಗಿದ್ದರೂ ಮರಳಿ ಕೊಡಲಾರವು. ಆದುದರಿಂದ ಹಣವನ್ನು ಮೊದಲು ಮೂಲದ ಮೇಲೆ ಹಾಕಬೇಕು ಎಂಬುದೇ ಆ ವಾದ. ತರ್ಕ ದೃಢವಾಗಿದೆ, ಅನುಭವಕ್ಕೂ ಬರುತ್ತದೆ.

ಆದರೆ ಆ ಯಂತ್ರದ ಚರಿತ್ರೆಯೇ ತಮ್ಮನ ಪ್ರಶ್ನೆಗೆ ಉತ್ತರವೂ ಆಗಿದೆ. ಎಲ್.ಪಿ. 12ರ ವೈಶಿಷ್ಟ್ಯವೆಂದರೆ ಹಳೆಯದನ್ನು ಎಸೆಯಬೇಕಾಗಿಲ್ಲ; ಬೇರಿಂಗು, ಒಳಚೌಕಟ್ಟು, ತೋಳು, ವಿದ್ಯುತ್ ಪೂರೈಕೆ ಎಂದು ಒಂದೊಂದೇ ಭಾಗವನ್ನು ಮೇಲ್ದರ್ಜೆಯದಕ್ಕೆ ಬದಲಿಸುತ್ತ ಹೋಗಬಹುದು. ಮಿತವ್ಯಯದಂತೆ ತೋರುವ ಈ ಏರ್ಪಾಟಿನಲ್ಲಿ ಒಂದು ಸೂಕ್ಷ್ಮವಿದೆ: ಯಂತ್ರ ಎಂದೂ ಪೂರ್ಣವಾಗುವುದಿಲ್ಲ. ಇಂದು ಬೇರಿಂಗು ಬದಲಾದರೆ ನಾಳೆ ತೋಳು ಸಣ್ಣದಾಗಿ ಕಾಣುತ್ತದೆ. ತೋಳು ಬದಲಾದರೆ ಕಾರ್ಟ್ರಿಜ್ ಅದಕ್ಕೆ ತಕ್ಕದ್ದಲ್ಲವೆನಿಸುತ್ತದೆ. ಸಂಸ್ಥೆಯ ಐವತ್ತನೆಯ ವರ್ಷವಾದ 2023ರಲ್ಲಿ ಅದೇ ಎಲ್.ಪಿ. 12ರ ವಿಶೇಷ ಆವೃತ್ತಿ 250 ಮಾತ್ರ ಹೊರಬಂದವು. ಒಂದಕ್ಕೆ 50,000 ಪೌಂಡು, ಅಂದರೆ ಐವತ್ತು ಲಕ್ಷ ರೂಪಾಯಿಗೂ ಮಿಕ್ಕಿ. ಐವತ್ತು ವರ್ಷ ಮೆಟ್ಟಿಲು ಹತ್ತಿದವನಿಗೂ ಅಟ್ಟ ಸಿಕ್ಕಲಿಲ್ಲ. ಇದು ಒಂದು ಸಂಸ್ಥೆಯ ದೋಷವಲ್ಲ. ಇಚ್ಛೆಯ ಸ್ವಭಾವವನ್ನು ಅರಿತು ಅದಕ್ಕೆ ತಕ್ಕಂತೆ ಮಾಡಿದ ವ್ಯಾಪಾರ. ಕೊಳ್ಳುವವನೂ ಆ ಸ್ವಭಾವವನ್ನು ಅಷ್ಟೇ ಚೆನ್ನಾಗಿ ಅರಿತಿರಬೇಕು.

ಉಮಾಸ್ವಾಮಿಗಳು ಪರಿಗ್ರಹವನ್ನು ನಿರ್ವಚಿಸುವಾಗ ವಸ್ತುವಿನ ಹೆಸರನ್ನೇ ಎತ್ತದೆ ಮೂರ್ಛೆಯೆಂದು ಕರೆದುಬಿಟ್ಟರು. ಹೊಲ, ಮನೆ, ಹೊನ್ನು, ಧಾನ್ಯ, ಕುಪ್ಯ, ಭಾಂಡವೆಂಬ ಬಾಹ್ಯಪರಿಗ್ರಹಗಳು ಹತ್ತು. ಮಿಥ್ಯಾತ್ವ, ಕಷಾಯ, ನೋಕಷಾಯಗಳೆಂಬ ಅಂತರಂಗಪರಿಗ್ರಹಗಳು ಹದಿನಾಲ್ಕು. ಒಳಗಿನವೇ ಹೆಚ್ಚು. ಸಮಂತಭದ್ರರು ಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಅನ್ಯರ ವೈಭವವನ್ನು ಕಂಡು ಬೆರಗಾಗುವುದೂ ವ್ರತಕ್ಕೆ ಕಲೆ! ಮೊದಲ ಓದಿಗೆ ಇದು ಅತಿಯೆನಿಸೀತು. ಬೆರಗಾಗುವುದರಲ್ಲಿ ಯಾವ ವಸ್ತು ಮನೆಗೆ ಬಂತು? ಬೆಂಗಳೂರಿನ ಆ ಅಂಗಡಿಯಲ್ಲಿ ತಂಬೂರಿಯ ತಂತಿ ಕೇಳಿದ ಗೃಹಸ್ಥನನ್ನು ನೆನೆದರೆ ಆಚಾರ್ಯರ ದೂರದೃಷ್ಟಿ ತಿಳಿಯುತ್ತದೆ. ಅಂಗಡಿಗೆ ಹೋಗುವ ಮುಂಚೆ ಅವನ ಮನೆಯ ಯಂತ್ರಕ್ಕೆ ಯಾವ ಕೊರತೆಯೂ ಇರಲಿಲ್ಲ. ಮರಳಿ ಬರುವಷ್ಟರಲ್ಲಿ ಅದೇ ಯಂತ್ರ ಬಡವಾಗಿತ್ತು. ಯಂತ್ರ ಬದಲಾಗಿರಲಿಲ್ಲ. ಆರು ಲಕ್ಷ ಖರ್ಚಾಗುವ ಮೊದಲೇ ಪರಿಗ್ರಹ ನಡೆದುಹೋಗಿತ್ತು.

ಹೀಗಾಗಿ, ಲೆಕ್ಕದ ಮಿತಿಯೊಳಗಿದೆ ಎಂಬ ಸಮಾಧಾನ ಅರ್ಧ ಸಮಾಧಾನ ಮಾತ್ರ. ಮಿತಿಯನ್ನು ಎತ್ತರದಲ್ಲಿಟ್ಟುಕೊಂಡು ಅದರ ಕೆಳಗೆ ಬಯಸಿದ್ದೆಲ್ಲವನ್ನೂ ತುಂಬುವವನು ಪರಿಗ್ರಹಪರಿಮಾಣವನ್ನು ಪಾಲಿಸಿದಂತಾದರೂ ಇಚ್ಛಾಪರಿಮಾಣವನ್ನು ಪಾಲಿಸಿದಂತಾಗದು. ವಸ್ತುವಿನ ಮಿತಿಯನ್ನು ಕೊಂಡ ಮೇಲೂ ಎಣಿಸಬಹುದು. ಇಚ್ಛೆಯ ಮಿತಿಯನ್ನು ಕೇಳುವುದಕ್ಕೆ ಮುಂಚೆಯೇ ನಿಶ್ಚಯಿಸಬೇಕು. ಕೇಳಿದ ಮೇಲೆ ನಿಶ್ಚಯಿಸುವವನು ಗೃಹಸ್ಥನಲ್ಲ, ಅವನ ಶ್ರೋತ್ರೇಂದ್ರಿಯ. ಒಂದೊಂದು ಇಂದ್ರಿಯಕ್ಕೆ ಸೋತು ಕೆಡುವ ಪ್ರಾಣಿಗಳನ್ನು ಹೇಳುವಾಗ ಹಿರಿಯರು ಕಿವಿಗೆ ಜಿಂಕೆಯನ್ನು ದೃಷ್ಟಾಂತವಾಗಿಟ್ಟರು. ಬೇಟೆಗಾರನ ಗಾನಕ್ಕೆ ನಿಂತ ಜಿಂಕೆ ಕೆಟ್ಟ ಸಂಗೀತಕ್ಕೆ ಸೋತದ್ದಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಸೂಕ್ಷ್ಮವಾಗಿ ಕೇಳುವ ಶಕ್ತಿಯೇ ದೋಷವೇ? ಮಂದವಾದ ಕಿವಿ ವೈರಾಗ್ಯಕ್ಕೆ ಹತ್ತಿರವೇ? ಇದಕ್ಕೆ ಆದಿಪುರಾಣದ ನೀಲಾಂಜನೆಯ ಪ್ರಸಂಗದಲ್ಲಿ ಉತ್ತರವಿದೆ. ಪಂಪನು 941ರಲ್ಲಿ ಕನ್ನಡಕ್ಕೆ ತಂದ ಆ ಕಥೆ ಜೈನ ಮನೆಗಳಲ್ಲಿ ಹೊಸತಲ್ಲ. ಋಷಭದೇವನ ಆಸ್ಥಾನದಲ್ಲಿ ಕುಣಿಯುತ್ತಿರುವಾಗಲೇ ದೇವನರ್ತಕಿಯ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ನೃತ್ಯ ಒಂದು ಹೆಜ್ಜೆಯೂ ತಪ್ಪದೆ ಮುಂದುವರಿಯುತ್ತದೆ. ಸಭೆಗೆ ಏನೂ ತಿಳಿಯುವುದಿಲ್ಲ. ಮೂಲಕ್ಕೂ ಪ್ರತಿರೂಪಕ್ಕೂ ವ್ಯತ್ಯಾಸವೇ ಕಾಣದಂಥ ಪ್ರತಿರೂಪ – ಧ್ವನಿಯಂತ್ರದ ಕುಶಲರು ಅರಸುವುದೂ ಅದನ್ನೇ ಅಲ್ಲವೆ? ಆ ಸಭೆಯಲ್ಲಿ ವ್ಯತ್ಯಾಸವನ್ನು ಕಂಡವನು ಋಷಭದೇವನೊಬ್ಬನೇ. ಅಲ್ಲಿ ಅತ್ಯಂತ ಸೂಕ್ಷ್ಮವಾಗಿ ನೋಡುತ್ತಿದ್ದವನು ಅವನು. ರಾಜ್ಯ ಬಿಟ್ಟು ಹೊರಟವನೂ ಅವನೇ. ಮೈಮರೆತು ಸುಖಪಟ್ಟವರು ಸರಿಯಾಗಿ ನೋಡಿರಲಿಲ್ಲ. ಆದುದರಿಂದ ಸೂಕ್ಷ್ಮತೆ ಮೂರ್ಛೆಯಲ್ಲ, ಎಚ್ಚರ. ಯಂತ್ರವನ್ನು ಬದಲಿಸುತ್ತ ಹೋಗುವವನು ಸೂಕ್ಷ್ಮತೆಯನ್ನು ಬೆಳೆಸಿಕೊಳ್ಳುತ್ತಿದ್ದಾನೋ ಅಥವಾ ಸಭೆಯವರಂತೆ ರಸಭಂಗವಾಗದ ಏರ್ಪಾಟನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದಾನೋ ಎಂಬುದನ್ನು ಅವನೇ ಬಲ್ಲ. ಹಾಡಿನ ನಡುವೆ ಹಾಡುವವರನ್ನು ಮರೆತು ಬೇರಿಂಗಿನ ಗುಣವನ್ನು ಕೇಳತೊಡಗಿದರೆ ಎರಡನೆಯದೇ ನಿಜವಿರಬೇಕು.

ಇನ್ನೊಂದು ಸಮರ್ಥನೆಯೂ ಕೇಳಿಬರುತ್ತದೆ. ಮನೆಯಲ್ಲಿ ಭಕ್ತಿಗೀತೆ, ಸ್ತೋತ್ರಗಳನ್ನೇ ಕೇಳುವುದಾದರೆ ಯಂತ್ರವು ಧರ್ಮಸಾಧನವಾಗುತ್ತದೆ, ಅದಕ್ಕೆ ಮಿತಿಯೇಕೆ ಎಂಬುದು. ಇದನ್ನು ದೀರ್ಘವಾಗಿ ಚರ್ಚಿಸಬೇಕಾಗಿಲ್ಲ. ಭೋಗೋಪಭೋಗಪರಿಮಾಣದ ಪ್ರಕರಣದಲ್ಲಿ ಸಮಂತಭದ್ರರು ಮಿತಿಗೊಳಪಡಬೇಕಾದವುಗಳನ್ನು ಎಣಿಸುವಾಗ ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಉಡುಗೆ, ಒಡವೆಗಳ ಸಾಲಿನಲ್ಲಿ ಸಂಗೀತವನ್ನೂ ಗೀತವನ್ನೂ ಹೆಸರಿಸಿಯೇ ಹೇಳಿದ್ದಾರೆ. ಯಾವ ಸಂಗೀತವೆಂಬ ವಿನಾಯಿತಿ ಅಲ್ಲಿಲ್ಲ. ನಿಷೇಧವೂ ಇಲ್ಲ ಎಂಬುದನ್ನು ಜೊತೆಗೇ ಗಮನಿಸಬೇಕು: ಊಟವನ್ನು ಹೇಗೆ ಬಿಡಲಾಗದೋ ಹಾಗೆ ಮಿತಿಯಲ್ಲಿ ಗೀತವೂ ಗೃಹಸ್ಥನಿಗೆ ಉಂಟು.

ಪರಿಗ್ರಹದ ಮಾತಿನಲ್ಲಿ ಅಹಿಂಸೆಯ ಮಾತು ಮರೆಯಾಗಬಾರದು. 78ರ ಹಳೆಯ ತಟ್ಟೆಗಳು ಅರಗಿನವು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳಲ್ಲಿ ಗುಂಪುಗುಂಪಾಗಿ ನೆಲೆಸುವ ಅರಗಿನ ಹುಳುಗಳು ತಮ್ಮ ಮೈಸುತ್ತ ಸುರಿಸಿಕೊಂಡ ಕವಚವನ್ನು ಕೆರೆದು, ಹುಳುಸಮೇತ ಕುಟ್ಟಿ, ಕರಗಿಸಿ, ಸೋಸಿ ತೆಗೆದ ಪದಾರ್ಥವದು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ತಟ್ಟೆ ಒತ್ತುತ್ತಿದ್ದರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಉಲ್ಲೇಖಗೊಂಡ ಹದಿನೈದು ಕ್ರೂರ ಜೀವನೋಪಾಯಗಳಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರ, ಒಂದು. ಗಾನದ ತಟ್ಟೆ ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಹೇಳಿದ ಮಾತು ಅದು. ಭಾರತದಲ್ಲಿ 1960ರ ದಶಕದಲ್ಲಿಯೂ ಅರಗಿನ ತಟ್ಟೆಗಳು ತಯಾರಾಗುತ್ತಿದ್ದವು. ಈಗ ಆ ತಯಾರಿಕೆ ನಿಂತುಹೋಗಿದೆ, ಇಂದಿನ ತಟ್ಟೆಗಳು ವಿನೈಲಿನವು. ತಂದೆಯ ಪೆಟ್ಟಿಗೆಯಲ್ಲಿ ಬಂದ ಅರಗಿನ ತಟ್ಟೆಯನ್ನು ಕೇಳುವುದರಿಂದ ಹೊಸ ಹಿಂಸೆಗೆ ಕೃತ, ಕಾರಿತ, ಅನುಮೋದನೆ ಮೂರರಲ್ಲಿ ಯಾವುದೂ ಒದಗುವುದಿಲ್ಲ; ಅದನ್ನು ಒಡೆದುಹಾಕಿದರೆ ಆದ ಹಿಂಸೆ ಆಗಿಲ್ಲವೆಂದೂ ಆಗದು. ಕೊಳ್ಳುವ ಹೊಸ ಯಂತ್ರದ ವಿಷಯ ಹಾಗಲ್ಲ. ತಟ್ಟೆಯ ಕೆಳಗೆ ಹಾಸುವ ಚಕ್ಕೆ ಚರ್ಮದ್ದೋ ರಬ್ಬರಿನದೋ, ಕಾರ್ಟ್ರಿಜ್ಜಿನ ಕವಚಕ್ಕೆ ಯಾವ ಮರ ಬಳಸಿದ್ದಾರೆ ಎಂಬುದನ್ನು ಕೇಳಿ ತಿಳಿಯುವುದು ಶ್ರಾವಕನಿಗೆ ಸಹಜವಾಗಿರಬೇಕು. ಚರ್ಮದ ಬದಲು ರಬ್ಬರಿನದು ಸುಲಭವಾಗಿ ಸಿಗುವಾಗ ಇದರಲ್ಲಿ ಧರ್ಮಸಂಕಟವೇನೂ ಇಲ್ಲ.

ಧರ್ಮಸಂಕಟ ಇರುವುದು ಬೇರೊಂದು ಕಡೆ. ಹೊಸ ಯಂತ್ರ ಕೊಳ್ಳುವವನು ಹಳೆಯದನ್ನು ಏನು ಮಾಡುತ್ತಾನೆ? ಅನೇಕ ವೇಳೆ ಅದು ಬಸದಿಯ ಸಭಾಭವನಕ್ಕೋ ಪಾಠಶಾಲೆಗೋ ದಾನವಾಗಿ ಬರುತ್ತದೆ. ಕೊಟ್ಟವನ ಮನಸ್ಸು ಹಗುರವಾಗುತ್ತದೆ. ಒಂದು ಹೋದುದರಿಂದ ಒಂದು ಬರಬಹುದು, ಲೆಕ್ಕವೂ ಸರಿಹೋಗುತ್ತದೆ. ಬೇಡವಾದದ್ದನ್ನು ಕೊಟ್ಟು ಬೇಕಾದದ್ದಕ್ಕೆ ಸ್ಥಳ ಮಾಡಿಕೊಳ್ಳುವುದು ದಾನದ ವೇಷ ತೊಟ್ಟ ಪರಿಗ್ರಹವೇ ಸರಿ. ವಿಶ್ವಸ್ಥ ಮಂಡಳಿಗಳೂ ಇಲ್ಲಿ ದಾಕ್ಷಿಣ್ಯಕ್ಕೆ ಬೀಳದೆ ವಿಚಾರಿಸುವುದು ಲೇಸು. ಆ ಯಂತ್ರವನ್ನು ನಡೆಸಬಲ್ಲವರು ಯಾರು, ಮುಳ್ಳು ಬದಲಿಸುವ ಖರ್ಚು ಯಾರದು, ತಟ್ಟೆಗಳು ಎಲ್ಲಿಂದ ಬರುತ್ತವೆ? ಉತ್ತರವಿಲ್ಲದಿದ್ದರೆ ಅದು ಬಸದಿ ಕಪಾಟಿನಲ್ಲಿ ಧೂಳು ಹಿಡಿಯುವ ಇನ್ನೊಂದು ವಸ್ತುವಾಗುತ್ತದೆ. ತಟ್ಟೆಗಳ ವಿಷಯದಲ್ಲಿ ಅತ್ತಿಮಬ್ಬೆಯ ಮಾರ್ಗವನ್ನು ನೆನೆಯಬಹುದು. ಪೊನ್ನನ ಶಾಂತಿಪುರಾಣ ಅಳಿಯಬಾರದೆಂದು ಆಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೇ ಪ್ರತಿಯನ್ನು ಪರಿಪೂರ್ಣವಾಗಿ ಅಲಂಕರಿಸಿ ತನ್ನ ಭಂಡಾರದಲ್ಲಿ ಇಟ್ಟುಕೊಳ್ಳುವ ಐಶ್ವರ್ಯ ಅವಳಲ್ಲಿ ಇರಲಿಲ್ಲವೆಂದಲ್ಲ. ಬೇರೆಡೆ ಸಿಗದ ಹಳೆಯ ತಟ್ಟೆಗಳು ಮನೆಯಲ್ಲಿದ್ದರೆ, ಒಳ್ಳೆಯ ಮುಳ್ಳಿನಿಂದ ಒಂದು ಸಲ ಎಚ್ಚರದಿಂದ ನುಡಿಸಿ, ಗಣಕಯಂತ್ರಕ್ಕೆ ಪ್ರತಿ ಇಳಿಸಿ, ಸಂಗೀತ ಕಲಿಯುವ ಮಕ್ಕಳಿಗೆ ಹಂಚುವುದು ಶಾಸ್ತ್ರದಾನಕ್ಕೆ ಹತ್ತಿರದ ಕೆಲಸ. ಕಲಿಯುವ ಮಗುವಿಗೆ ತಂಬೂರಿಯ ನಾಲ್ಕು ತಂತಿ ಬೇರೆ ಬೇರೆ ಕೇಳದಿದ್ದರೂ ನಡೆದೀತು. ಹಾಡು ಕೇಳಿದರೆ ಸಾಕು.

ಹಿರೇಹಂದಿಗೋಳದ ದೃಷ್ಟಾಂತದ ಅಣ್ಣತಮ್ಮಂದಿರು ಏನು ಮಾಡಬಹುದು? ಆರು ಲಕ್ಷದ್ದು ಬೇಡವೆಂದು ತಮ್ಮನೂ ಬೇಕೆಂದು ಅಣ್ಣನೂ ಹಟ ಹಿಡಿದು ಕೂಡುವುದಕ್ಕಿಂತ, ಪೆಟ್ಟಿಗೆಯಲ್ಲಿರುವ ತಟ್ಟೆಗಳಿಗೆ ಏನು ಬೇಕೆಂಬುದನ್ನು ಇಬ್ಬರೂ ಕೂಡಿ ಬರೆಯುವುದು ಮೊದಲ ಹೆಜ್ಜೆ. ಮೂರೂ ವೇಗಗಳಲ್ಲಿ ತಿರುಗುವ, ಭಾರವನ್ನು ಸರಿಪಡಿಸಬಲ್ಲ ತೋಳುಳ್ಳ, ಮುಳ್ಳು ಬದಲಿಸಲು ಬರುವ ಯಂತ್ರ ಎಂದು ಬರೆದ ಮೇಲೆ ಬೆಲೆ ತಾನಾಗಿಯೇ ಇಳಿಯುತ್ತದೆ. ಆ ಬೆಲೆಯ ಮೇಲೆ ಕಿವಿಯ ಸಂತೋಷಕ್ಕೆಂದು ಇನ್ನಷ್ಟು ಸೇರಿಸಿದರೆ ತಪ್ಪಿಲ್ಲ. ಎಷ್ಟೆಂಬುದನ್ನು ಮನೆಯಲ್ಲಿಯೇ, ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ, ಮನೆಯ ಹೆಣ್ಣುಮಕ್ಕಳ ಮುಂದೆ ಹೇಳಿ ಗೊತ್ತುಪಡಿಸಿಕೊಳ್ಳಬೇಕು. ಉಳ್ಳಾಗಡ್ಡಿಯ ದರ ಬಿದ್ದ ವರ್ಷದಲ್ಲಿಯೂ ಇದೇ ಅಂಕಿಯನ್ನು ಹೇಳುತ್ತಿದ್ದೆನೇ ಎಂದು ಕೇಳಿಕೊಂಡರೆ ಅಂಕಿ ಇನ್ನೊಂದಿಷ್ಟು ಸರಿಯಾಗುತ್ತದೆ.

ಕೊಂಡ ಮೇಲೆ ಉಳಿಯುವುದು ಕಾಲದ ನಿಯಮ. ಯಾವಜ್ಜೀವ ತ್ಯಾಗಕ್ಕೆ ಯಮವೆಂದೂ, ಕಾಲದ ಗಡಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಹೆಸರು. ಸಮಂತಭದ್ರರು ನಿಯಮಕ್ಕೆ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನವೆಂದು ಗಡಿಗಳನ್ನೂ ಕೊಟ್ಟಿದ್ದಾರೆ. ಚಾತುರ್ಮಾಸದಲ್ಲಿ ಪೆಟ್ಟಿಗೆ ತೆರೆಯುವುದಿಲ್ಲವೆಂದೋ, ಅಷ್ಟಮಿ ಚತುರ್ದಶಿಗಳಂದು ಇಲ್ಲವೆಂದೋ, ಉಳಿದ ದಿನ ಸಂಜೆಗೆ ಒಂದು ಗಂಟೆಯೆಂದೋ ಮನೆಯವರು ಕೂಡಿ ನಿಶ್ಚಯಿಸಬಹುದು. ಹಾಗೆ ನಿಶ್ಚಯಿಸಿದಾಗ ಯಂತ್ರದ ಲೆಕ್ಕವೂ ಹಿಡಿತಕ್ಕೆ ಬರುತ್ತದೆ. ಒಳ್ಳೆಯ ವಜ್ರದ ಮುಳ್ಳಿಗೆ ಸುಮಾರು ಸಾವಿರ ಗಂಟೆಯ ಬಾಳಿಕೆಯೆಂದು ಬಲ್ಲವರು ಎಣಿಸುತ್ತಾರೆ; ಎರೆಯ ಧೂಳಿನಲ್ಲಿ ಇನ್ನೂ ಕಡಿಮೆಯಾದೀತು. ದಿನಕ್ಕೊಂದು ಗಂಟೆ ಕೇಳುವ ಮನೆಯಲ್ಲಿ ಅದು ಎರಡೂವರೆ ವರ್ಷದ ಮಾತು. ಚಾತುರ್ಮಾಸ ಬಿಟ್ಟರೆ ನಾಲ್ಕರ ಹತ್ತಿರ. ಹೊಸ ಮುಳ್ಳು ಹಾಕಿದ ದಿನಾಂಕವನ್ನು ಬೀಜಗೊಬ್ಬರದ ಲೆಕ್ಕದ ಪುಸ್ತಕದಲ್ಲಿಯೇ ಒಂದು ಸಾಲಿನಲ್ಲಿ ಬರೆದಿಟ್ಟರೆ ಬದಲಿಸುವ ಕಾಲ ತಪ್ಪಿಹೋಗುವುದಿಲ್ಲ, ತಂದೆಯ ತಟ್ಟೆಗಳೂ ಸವೆಯುವುದಿಲ್ಲ.